ಮಾತ್ರೆ ಮಾಡುವ ಎರಡನೆಯ ಕೆಲಸ

(ದೀರ್ಘಕಾಲದ ನೋವು ಮತ್ತು ಅಫೀಮು ಮೂಲದ ಔಷಧಗಳ ದುರ್ಬಳಕೆಯ ಮನೋವೈಜ್ಞಾನಿಕ ಹಿನ್ನೆಲೆಯನ್ನು ಕುರಿತು ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಕನ್ನಡದಲ್ಲಿ ‘ನೋಯು’ ಎಂಬ ಕ್ರಿಯಾಪದಕ್ಕೆ ದೇಹ, ಮನಸ್ಸು ಎಂಬ ಭೇದವಿಲ್ಲ. ಮಂಡಿ ನೋಯುತ್ತದೆ, ಹಲ್ಲು ನೋಯುತ್ತದೆ. ಮಗ ಆಡಿದ ಒಂದು ಮಾತಿಗೆ ತಾಯಿ ನೊಂದುಕೊಳ್ಳುತ್ತಾಳೆ. ‘ಅವರು ತುಂಬ ನೊಂದವರು’ ಎಂದು ಯಾರಾದರೂ ಹೇಳಿದರೆ, ನೊಂದದ್ದು ಬೆನ್ನೋ ಬದುಕೋ ಎಂದು ನಾವು ಬಿಡಿಸಿ ಕೇಳುವುದಿಲ್ಲ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಈ ಭೇದ ಹುಟ್ಟಿಕೊಳ್ಳುತ್ತದೆ. ಎಕ್ಸ್-ರೇಯಲ್ಲಿ, ಸ್ಕ್ಯಾನಿಂಗಿನಲ್ಲಿ ಕಾಣಿಸಿದ ನೋವು ನಿಜವಾದ ನೋವಾಗುತ್ತದೆ. ಕಾಣಿಸದೆ ಹೋದದ್ದು ‘ಮಾನಸಿಕ’ವಾಗುತ್ತದೆ. ಆ ಒಂದು ಪದವನ್ನು ಕೇಳಿಸಿಕೊಂಡ ರೋಗಿ, ‘ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆಂದು ಇವರ ಅಭಿಪ್ರಾಯವೇ’ ಎಂದು ಕುಗ್ಗಿ ಮನೆಗೆ ಬರುತ್ತಾನೆ. ಹಲವು ವರ್ಷಗಳಿಂದ ಇಂಥವರ ಮಾತು ಕೇಳುವುದೇ ನನ್ನ ಕೆಲಸವಾಗಿರುವುದರಿಂದ, ಆ ಕುಗ್ಗುವಿಕೆಯನ್ನು ನಾನು ಬಲ್ಲೆ. ಹೀಗಾಗಿ ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ: ಈ ಉಪನ್ಯಾಸದಲ್ಲಿ ಮನಸ್ಸಿನ ಪಾತ್ರದ ಬಗ್ಗೆ ನಾನು ಎಷ್ಟೇ ಹೇಳಿದರೂ, ಯಾರ ನೋವನ್ನೂ ಸುಳ್ಳೆಂದು ಹೇಳುತ್ತಿಲ್ಲ.

ನೋವನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನಮ್ಮ ಕ್ರಿಯಾಪದದ ಪಕ್ಕದಲ್ಲೇ ನಿಲ್ಲುತ್ತದೆ. ನೋವೆಂದರೆ ಸಂವೇದನೆಯೂ ಭಾವನೆಯೂ ಸೇರಿದ ಒಂದು ಅಹಿತಕರ ಅನುಭವ. ಅದು ಅಂಗಾಂಶಕ್ಕೆ ಆದ ಅಥವಾ ಆಗಬಹುದಾದ ಹಾನಿಗೆ ಸಂಬಂಧಿಸಿದ್ದಿರಬಹುದು, ಅಥವಾ ಅಂಥ ಹಾನಿಯಾದಾಗ ಆಗುವ ಅನುಭವವನ್ನು ಹೋಲುವಂಥದ್ದಿರಬಹುದು. ‘ಹೋಲುವಂಥದ್ದು’ ಎಂಬ ಮಾತು 2020ರಲ್ಲಿ ಸೇರಿದ್ದು. ಹಾನಿ ಪತ್ತೆಯಾಗದಿದ್ದರೂ ನೋವು ನೋವೇ ಎಂಬುದನ್ನು ಅದು ಒಪ್ಪಿಕೊಳ್ಳುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಅಥವಾ ಮತ್ತೆ ಮತ್ತೆ ಮರುಕಳಿಸಿದ ನೋವನ್ನು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಅಮೆರಿಕದಲ್ಲಿ 2016ರ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 20ರಷ್ಟು ಜನ, ಅಂದರೆ ಸುಮಾರು 5 ಕೋಟಿ ಮಂದಿ, ಇಂಥ ನೋವಿನಲ್ಲಿದ್ದರು. ಅಫೀಮು ಮೂಲದ ನೋವಿನ ಮಾತ್ರೆಗಳ ವಿಷಯದಲ್ಲಿ ನಾನು ಮುಖ್ಯವಾಗಿ ಅಮೆರಿಕದ ಕಥೆಯನ್ನೇ ಹೇಳುತ್ತೇನೆ. ಏಕೆಂದರೆ ನೋವಿಗೂ ಮನಸ್ಸಿಗೂ ಇರುವ ನಂಟನ್ನು ಮರೆತ ವೈದ್ಯಪದ್ಧತಿ ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಇನ್ನೊಂದಿಲ್ಲ.

ಎರಡನೆಯ ಮಹಾಯುದ್ಧದ ಸಮಯದಲ್ಲಿ ಇಟಲಿಯ ಆಂಜಿಯೊ ಎಂಬ ಕಡಲತೀರದ ಯುದ್ಧಭೂಮಿಯಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕನ್ ಅರಿವಳಿಕೆ ವೈದ್ಯರು ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದರು. ಮೂಳೆ ಮುರಿದು, ಹೊಟ್ಟೆ ಸೀಳಿಹೋಗಿ ಬಂದ ಸೈನಿಕರಲ್ಲಿ ಬಹಳ ಮಂದಿ ಮಾರ್ಫಿನ್ ಎಂಬ ಅಫೀಮು ಮೂಲದ ನೋವುನಿವಾರಕ ಬೇಡವೆನ್ನುತ್ತಿದ್ದುದು ಅವರನ್ನು ಬೆರಗುಗೊಳಿಸಿತು. 1956ರಲ್ಲಿ ಅವರು ಈ ಸೈನಿಕರನ್ನು, ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ನಾಗರಿಕ ರೋಗಿಗಳೊಂದಿಗೆ ಹೋಲಿಸಿ ಬರೆದರು. ನೋವಿನ ಔಷಧ ಕೇಳಿದವರು ಸೈನಿಕರಲ್ಲಿ ಶೇಕಡಾ 32, ನಾಗರಿಕರಲ್ಲಿ ಶೇಕಡಾ 83. ನಾಗರಿಕರ ಗಾಯವೇ ಚಿಕ್ಕದು. ಬೀಚರ್ ಕೊಟ್ಟ ವಿವರಣೆ ಇಷ್ಟು: ಸೈನಿಕನಿಗೆ ಆ ಗಾಯವೆಂದರೆ ಸಾವಿನ ಬಾಯಿಂದ ಬಿಡುಗಡೆ, ಊರಿಗೆ ಮರಳುವ ಟಿಕೆಟ್ಟು; ನಾಗರಿಕನಿಗೆ ಅದೇ ಗಾಯವೆಂದರೆ ಸಂಬಳ, ಸಂಸಾರ, ಮುಂದಿನ ಬದುಕು ಎಲ್ಲದರ ಮೇಲೂ ಬಿದ್ದ ಪೆಟ್ಟು. ಗಾಯ ಎಷ್ಟು ಆಳವಾಗಿದೆ ಎನ್ನುವುದರಷ್ಟೇ, ಆ ಗಾಯಕ್ಕೆ ಬದುಕಿನಲ್ಲಿ ಏನು ಅರ್ಥವಿದೆ ಎನ್ನುವುದೂ ನೋವನ್ನು ತೂಗುತ್ತದೆ.

ಇದು ಹೇಗೆ ಸಾಧ್ಯ ಎಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ದಾರಿ ತೋರಿಸಿದರು. ಬೆನ್ನುಹುರಿಯಲ್ಲಿ ನೋವಿನ ಸಂದೇಶ ಮೇಲಕ್ಕೆ ಹೋಗುವ ಜಾಗದಲ್ಲಿ ಒಂದು ಬಾಗಿಲಿನಂಥ ಏರ್ಪಾಡು ಇದೆ ಎಂಬುದು ಅವರ ಸಿದ್ಧಾಂತ. ಮೊಣಕೈ ತಾಗಿದ ತಕ್ಷಣ ನಾವು ಅಲ್ಲಿ ಉಜ್ಜಿಕೊಂಡಾಗ ಆ ಬಾಗಿಲು ಸ್ವಲ್ಪ ಮುಚ್ಚುತ್ತದೆ. ಅದಕ್ಕಿಂತ ಮಹತ್ವದ ಸಂಗತಿಯೆಂದರೆ, ಮಿದುಳಿನಿಂದ ಕೆಳಗಿಳಿಯುವ ಅಪ್ಪಣೆಯೂ ಅದನ್ನು ಮುಚ್ಚಬಲ್ಲದು, ತೆರೆಯಬಲ್ಲದು. ಭಯ, ಆತಂಕ, ಒಂಟಿತನ ಬಾಗಿಲನ್ನು ತೆರೆದಿಡುತ್ತವೆ. ಧೈರ್ಯ, ತಲ್ಲೀನತೆ, ಪಕ್ಕದಲ್ಲಿ ನಮ್ಮವರು ಕುಳಿತಿರುವ ನೆಮ್ಮದಿ ಅದನ್ನು ಓರೆ ಮಾಡುತ್ತವೆ. ಆ ಸಿದ್ಧಾಂತದ ಎಷ್ಟೋ ವಿವರಗಳು ಆಮೇಲೆ ಬದಲಾಗಿವೆ, ಆದರೆ ಮಿದುಳು ನೋವನ್ನು ಬರಿದೇ ಸ್ವೀಕರಿಸುವ ಅಂಚೆಪೆಟ್ಟಿಗೆಯಲ್ಲ ಎಂಬ ತಿರುಳು ಹಾಗೆಯೇ ಉಳಿದಿದೆ. ಹತ್ತು ವರ್ಷಗಳ ಬಳಿಕ, 1975ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್ ಹಂದಿಯ ಮಿದುಳಿನಿಂದ ಎನ್ಕೆಫಲಿನ್ ಎಂಬ ವಸ್ತುವನ್ನು ಬೇರ್ಪಡಿಸಿ, ಮಿದುಳು ತನ್ನದೇ ಆದ ಅಫೀಮನ್ನು ತಯಾರಿಸುತ್ತದೆಂದು ತೋರಿಸಿದರು. 1978ರಲ್ಲಿ ಹಲ್ಲು ಕೀಳಿಸಿಕೊಂಡ ರೋಗಿಗಳ ಮೇಲೆ ನಡೆದ ಒಂದು ಪ್ರಯೋಗ, ಬರೀ ನಂಬಿಕೆಯಿಂದ ನೋವು ಇಳಿಯುವುದರ ಹಿಂದೆಯೂ ಇದೇ ಒಳಗಿನ ಅಫೀಮು ಕೆಲಸ ಮಾಡುತ್ತಿರಬೇಕೆಂದು ಸೂಚಿಸಿತು. ಅಫೀಮಿನ ಪರಿಣಾಮವನ್ನು ತಡೆಯುವ ನ್ಯಾಲಾಕ್ಸೋನ್ ಕೊಟ್ಟಾಗ ಆ ನಂಬಿಕೆಯ ಪ್ರಭಾವವೂ ಕುಸಿದಿತ್ತು.

ನಂಬಿಕೆಯ ಬಲ ಎಷ್ಟೆಂಬುದಕ್ಕೆ 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವನ್ನು ನಾನು ಎಲ್ಲ ಉಪನ್ಯಾಸಗಳಲ್ಲೂ ನೆನೆಯುತ್ತೇನೆ. ಉಲ್ರಿಕೆ ಬಿಂಗೆಲ್ ಮತ್ತು ಸಂಗಡಿಗರು 22 ಮಂದಿ ಆರೋಗ್ಯವಂತರ ಕಾಲಿಗೆ ಬಿಸಿ ತಾಗಿಸಿ, ರೆಮಿಫೆಂಟನಿಲ್ ಎಂಬ ಪ್ರಬಲ ಔಷಧವನ್ನು ರಕ್ತನಾಳದ ಮೂಲಕ ಹರಿಸಿದರು. ಔಷಧ ಹರಿಯುತ್ತಿದೆಯೆಂದು ತಿಳಿಸದಿದ್ದಾಗ ನೋವು ಸ್ವಲ್ಪ ಇಳಿಯಿತು. ‘ಈಗ ಕೊಡುತ್ತಿದ್ದೇವೆ’ ಎಂದು ತಿಳಿಸಿದಾಗ ಉಪಶಮನ ಇಮ್ಮಡಿಯಾಯಿತು. ‘ಈಗ ನಿಲ್ಲಿಸಿದ್ದೇವೆ, ನೋವು ಹೆಚ್ಚಬಹುದು’ ಎಂದಾಗ, ಔಷಧ ಅದೇ ಪ್ರಮಾಣದಲ್ಲಿ ಹರಿಯುತ್ತಲೇ ಇದ್ದರೂ, ಅದರ ಪ್ರಯೋಜನವೆಲ್ಲ ಅಳಿಸಿಹೋಯಿತು. ಅತ್ಯಂತ ಬಲಶಾಲಿಯಾದ ನೋವುನಿವಾರಕವನ್ನು ಒಂದು ಹೆದರಿಕೆಯ ಮಾತು ನಿಷ್ಫಲಗೊಳಿಸಬಲ್ಲದು ಎಂದರೆ, ವರ್ಷಗಟ್ಟಲೆ ಹೆದರಿಕೆಯಲ್ಲೇ ಬದುಕುವವನ ದೇಹದಲ್ಲಿ ಔಷಧ ಏನು ಮಾಡೀತೆಂದು ಯೋಚಿಸಿ.

ಆ ಹೆದರಿಕೆಯ ರೂಪವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1995ರಲ್ಲಿ ಕೆನಡಾದ ಮೈಕೆಲ್ ಸಲಿವನ್ ಮತ್ತು ಸಹೋದ್ಯೋಗಿಗಳು 13 ಹೇಳಿಕೆಗಳ ಒಂದು ಪ್ರಶ್ನಾವಳಿ ರೂಪಿಸಿದರು. ನೋವಿನ ಬಗ್ಗೆ ಕೆಟ್ಟದ್ದನ್ನೇ ಎಣಿಸುವ ಮನಸ್ಸಿನ ಅಭ್ಯಾಸವನ್ನು ಅಳೆಯುವ ಈ ಪಟ್ಟಿಯಲ್ಲಿ ಮೂರು ಎಳೆಗಳಿವೆ. ನೋವನ್ನೇ ಮೆಲುಕು ಹಾಕುತ್ತಿರುವುದು ಒಂದು. ಅದನ್ನು ಬೆಟ್ಟವಾಗಿ ಕಾಣುವುದು, ‘ಇನ್ನು ಮುಂದೆ ಏನೇನು ಕಾದಿದೆಯೋ’ ಎನ್ನುವುದು ಇನ್ನೊಂದು. ‘ನನ್ನ ಕೈಯಲ್ಲಿ ಏನೂ ಇಲ್ಲ’ ಎಂಬ ಅಸಹಾಯಕತೆ ಮೂರನೆಯದು. ಶಸ್ತ್ರಚಿಕಿತ್ಸೆಗೆ ಮೊದಲು ಈ ಪಟ್ಟಿಯಲ್ಲಿ ಹೆಚ್ಚು ಅಂಕ ಪಡೆದವರು, ಚಿಕಿತ್ಸೆಯ ನಂತರ ಹೆಚ್ಚು ನೋವು ಅನುಭವಿಸುತ್ತಾರೆಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಇದನ್ನು ಕೇಳಿ ಯಾರೂ ಇಂಥವರನ್ನು ‘ಅಳುಬುರುಕರು’ ಎಂದು ಹಳಿಯಬಾರದು. ಬಾಲ್ಯದಲ್ಲಿ ಪೆಟ್ಟು, ಅವಮಾನ, ನಿರ್ಲಕ್ಷ್ಯ ಕಂಡವರಿಗೆ ಜಗತ್ತು ಅಪಾಯದ ಜಾಗವೆಂದು ನರಮಂಡಲವೇ ಕಲಿತುಬಿಟ್ಟಿರುತ್ತದೆ. ಅಂಥವರಲ್ಲಿ ದೊಡ್ಡವರಾದ ಮೇಲೆ ದೀರ್ಘಕಾಲದ ನೋವೂ ಹೆಚ್ಚು, ಮಾದಕವಸ್ತುಗಳ ವ್ಯಸನವೂ ಹೆಚ್ಚು. ಕೆಟ್ಟದ್ದನ್ನು ಎಣಿಸುವುದು ಅವರ ದೌರ್ಬಲ್ಯವಲ್ಲ. ಒಂದು ಕಾಲದಲ್ಲಿ ಅವರನ್ನು ಉಳಿಸಿದ ಎಚ್ಚರ ಅದು, ಈಗ ಮಲಗಲು ಮರೆತಿದೆ.

ಎಚ್ಚರದ ಜೊತೆಗೆ ಹಿಂಜರಿಕೆ ಬರುತ್ತದೆ. ಬೆನ್ನು ನೋಯುತ್ತದೆಂದು ಒಬ್ಬಾತ ಬಗ್ಗುವುದನ್ನು ಬಿಡುತ್ತಾನೆ, ಭಾರ ಎತ್ತುವುದನ್ನು ಬಿಡುತ್ತಾನೆ, ಆಮೇಲೆ ಮದುವೆ ಮುಂಜಿಗೆ ಹೋಗುವುದನ್ನೂ ಬಿಡುತ್ತಾನೆ. ಸ್ನಾಯು ಸೊರಗುತ್ತವೆ, ಸ್ನೇಹ ಸೊರಗುತ್ತದೆ, ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮನಸ್ಸಿಗೆ ಅದೇ ನೋವು ಮೊದಲಿಗಿಂತ ದೊಡ್ಡದಾಗಿ ಕೇಳಿಸುತ್ತದೆ. ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ 2000ದಲ್ಲಿ ಈ ಸುತ್ತನ್ನು ವಿವರವಾಗಿ ನಿರೂಪಿಸಿದರು. ಇದಕ್ಕೆ ಸ್ಕ್ಯಾನಿಂಗ್ ವರದಿಯ ಭಾಷೆಯೂ ಎಣ್ಣೆ ಸುರಿಯುತ್ತದೆ ಎಂಬುದು ನನ್ನ ಅನುಭವ. ‘ಡಿಸ್ಕ್ (ಬೆನ್ನೆಲುಬುಗಳ ನಡುವಿನ ಮೆತ್ತೆ) ಸವೆದಿದೆ’ ಎಂದು ವರದಿಯಲ್ಲಿ ಓದಿದವನು ತನ್ನ ಬೆನ್ನು ಹಳೆಯ ಮನೆಯ ತೊಲೆಯಂತೆ ಯಾವ ಗಳಿಗೆಯಲ್ಲಾದರೂ ಮುರಿಯಬಹುದೆಂದು ನಂಬುತ್ತಾನೆ. ಆದರೆ 2015ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ, ಬೆನ್ನುನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲಿ ಶೇಕಡಾ 37, ಎಂಬತ್ತರ ವಯಸ್ಸಿನವರಲ್ಲಿ ಶೇಕಡಾ 96 ಮಂದಿಯ ಡಿಸ್ಕ್‌ಗಳಲ್ಲಿ ಇಂಥ ಸವೆತ ಕಾಣುತ್ತದೆ. ತಲೆಕೂದಲು ನರೆಯುವ ಹಾಗೆ ಡಿಸ್ಕೂ ಸವೆಯುತ್ತದೆ. ಈ ಒಂದು ವಾಕ್ಯವನ್ನು ವರದಿಯ ಕೊನೆಯಲ್ಲಿ ಮುದ್ರಿಸಿದರೆ ಎಷ್ಟೋ ಜನರ ನಿದ್ದೆ ಮರಳುತ್ತದೆಂದು ನಾನು ನಂಬಿದ್ದೇನೆ.

ಹಾಗಾದರೆ ನೋವು ಎಲ್ಲಿ ಉಳಿದುಕೊಂಡಿದೆ? ಶಿಕಾಗೊದ ವಾನಿಯಾ ಅಪ್ಕಾರಿಯನ್ ಅವರ ತಂಡ ಹೊಸದಾಗಿ ಬೆನ್ನುನೋವು ಬಂದವರನ್ನು ಸುಮಾರು ಒಂದು ವರ್ಷ ಹಿಂಬಾಲಿಸಿ, ಮತ್ತೆ ಮತ್ತೆ ಅವರ ಮಿದುಳಿನ ಚಿತ್ರ ತೆಗೆಯಿತು. ನೋವು ವಾಸಿಯಾಗದೆ ಉಳಿದವರಲ್ಲಿ ಕ್ರಮೇಣ ಒಂದು ಸ್ಥಳಾಂತರ ಕಂಡಿತು: ಮೊದಲು ಸಂವೇದನೆಯನ್ನು ಗ್ರಹಿಸುವ ಭಾಗಗಳಲ್ಲಿದ್ದ ಚಟುವಟಿಕೆ, ಬರಬರುತ್ತ ಭಾವನೆಯ ಮತ್ತು ಪ್ರತಿಫಲದ ಕಲಿಕೆಯ ಭಾಗಗಳಿಗೆ ಸರಿದಿತ್ತು. ಬೆನ್ನಿನಲ್ಲಿ ಹುಟ್ಟಿದ್ದು ಭಾವಕೋಶದಲ್ಲಿ ಮನೆ ಮಾಡಿತ್ತು. ಅಫೀಮು ಮೂಲದ ಔಷಧಗಳು ಅತ್ಯಂತ ತೀವ್ರವಾಗಿ ಕೆಲಸ ಮಾಡುವ ಜಾಗಗಳಲ್ಲಿ ಈ ಭಾಗಗಳೂ ಸೇರಿವೆ. ನನ್ನ ಉಪನ್ಯಾಸದ ಕೀಲು ಇರುವುದು ಇಲ್ಲಿ.

1978ರಲ್ಲಿ ಯಾಕ್ ಪ್ಯಾಂಕ್‌ಸೆಪ್ ಮತ್ತು ಸಂಗಡಿಗರು ತಾಯಿಯಿಂದ ಬೇರ್ಪಡಿಸಿದ ನಾಯಿಮರಿಗಳ ಕುಂಯ್‌ಗುಟ್ಟುವಿಕೆಯನ್ನು ಅಧ್ಯಯನ ಮಾಡಿದರು. ಮಂಪರು ಬರಿಸದಷ್ಟು ಅತ್ಯಲ್ಪ ಪ್ರಮಾಣದ ಮಾರ್ಫಿನ್ ಕೊಟ್ಟಾಗ ಆ ಅಳು ತಗ್ಗಿತು. ಮರಿಗಳ ಮೈಗೆ ಯಾವ ಗಾಯವೂ ಆಗಿರಲಿಲ್ಲ. ಅವು ಅಳುತ್ತಿದ್ದುದು ತಾಯಿ ಇಲ್ಲವೆಂದು. ಸಸ್ತನಿಗಳಲ್ಲಿ ತಾಯಿ ಮರಿಯನ್ನು ನೆಕ್ಕುವಾಗ, ಅಪ್ಪಿಕೊಳ್ಳುವಾಗ ಹುಟ್ಟುವ ನೆಮ್ಮದಿಯಲ್ಲಿ ದೇಹದ ಒಳಗಿನ ಅಫೀಮಿಗೆ ಪಾಲಿದೆ ಎಂದು ಪ್ಯಾಂಕ್‌ಸೆಪ್ ವಾದಿಸಿದರು. ಈಗ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಿ. ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲ ಗಣಿಯಲ್ಲಿ ಇಪ್ಪತ್ತು ವರ್ಷ ದುಡಿದವನು. ಬೆನ್ನಿಗೆ ಪೆಟ್ಟು ಬಿದ್ದಿದೆ, ಗಣಿ ಮುಚ್ಚಿದೆ, ಹೆಂಡತಿ ದೂರವಾಗಿದ್ದಾಳೆ. ಬೆನ್ನುನೋವಿಗೆಂದು ವೈದ್ಯರು ಒಂದು ಮಾತ್ರೆ ಬರೆದುಕೊಡುತ್ತಾರೆ. ಮಾತ್ರೆ ಬೆನ್ನಿನ ನೋವನ್ನು ತಕ್ಕಮಟ್ಟಿಗೆ ಇಳಿಸುತ್ತದೆ. ಜೊತೆಗೆ ಯಾರೂ ವಹಿಸದ ಎರಡನೆಯ ಕೆಲಸವೊಂದನ್ನೂ ಮಾಡುತ್ತದೆ. ಆ ಖಾಲಿ ಮನೆಯ ಸಂಜೆಯನ್ನು ಬೆಚ್ಚಗೆ ಮಾಡುತ್ತದೆ. ‘ನಾನು ಯಾವುದಕ್ಕೂ ಬಾರದವನು’ ಎಂಬ ಒಳಗಿನ ದನಿಯನ್ನು ಕೆಲವು ಗಂಟೆ ಸುಮ್ಮನಾಗಿಸುತ್ತದೆ. ಆತ ಅದನ್ನು ಮೋಜಿಗಾಗಿ ನುಂಗುತ್ತಿಲ್ಲ. ಎರಡು ನೋವುಗಳಲ್ಲಿ ಒಂದನ್ನು ಮಾತ್ರ ವೈದ್ಯರಿಗೆ ಹೇಳಿದ್ದಾನೆ, ಮಾತ್ರೆ ಎರಡಕ್ಕೂ ಉತ್ತರ ಕೊಟ್ಟಿದೆ. ತಿಂಗಳುಗಳು ಕಳೆದಂತೆ ದೇಹ ಒಗ್ಗಿಕೊಂಡು ಮೊದಲನೆಯ ಕೆಲಸ ಕುಂದುತ್ತ ಬರುತ್ತದೆ. ಕೆಲವರಲ್ಲಿ ಈ ಔಷಧಗಳೇ ನರಮಂಡಲವನ್ನು ಇನ್ನಷ್ಟು ಸೂಕ್ಷ್ಮವಾಗಿಸಿ ನೋವನ್ನು ಹೆಚ್ಚಿಸುವುದೂ ಉಂಟು. ಆಮೇಲೆ ಎರಡನೆಯ ಕೆಲಸಕ್ಕಾಗಿಯೇ ಮಾತ್ರೆ ಉಳಿಯುತ್ತದೆ. ಹೊತ್ತಿಗೆ ಮುಂಚೆ ನುಂಗುವುದು, ಬರೆದುಕೊಟ್ಟದ್ದಕ್ಕಿಂತ ಹೆಚ್ಚು ನುಂಗುವುದು, ಜಗಳವಾದ ದಿನ ಒಂದು ಹೆಚ್ಚಿಗೆ ನುಂಗುವುದು ಶುರುವಾಗುತ್ತದೆ. ದುರ್ಬಳಕೆ ಎಂಬ ಕಟುವಾದ ಪದದ ಹಿಂದೆ ಬಹಳ ಸಲ ಇರುವುದು ಈ ದೃಶ್ಯವೇ.

ಅಂಕಿಅಂಶಗಳು ಇದಕ್ಕೆ ಸಾಕ್ಷಿ ಹೇಳುತ್ತವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅಮೆರಿಕದ ವಯಸ್ಕರಲ್ಲಿ ಖಿನ್ನತೆ ಅಥವಾ ಆತಂಕದ ತೊಂದರೆಯಿರುವವರು ಶೇಕಡಾ 16ರಷ್ಟಿದ್ದರೂ, ದೇಶದಲ್ಲಿ ಬರೆದುಕೊಡುವ ಅಫೀಮು ಮೂಲದ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರಿಗೆ ಹೋಗುತ್ತಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರ ಬಗೆಗಿನ 2012ರ ಅಧ್ಯಯನದಲ್ಲೂ, ಯುದ್ಧದ ಆಘಾತದಿಂದ ಮನಸ್ಸು ಜರ್ಝರಿತವಾದವರಿಗೇ ಈ ಮಾತ್ರೆಗಳು ಹೆಚ್ಚಾಗಿ ದೊರೆತಿದ್ದವು. ಇಷ್ಟಾಗಿಯೂ ಅವರಿಗೆ ಲಾಭವಾಯಿತೇ? ಅಜಯ್ ವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ, ಬೆನ್ನುನೋವಿನ ರೋಗಿಗಳನ್ನು ಆರು ತಿಂಗಳು ಗಮನಿಸಿದ ಚಿಕ್ಕದೊಂದು ಅಧ್ಯಯನದಲ್ಲಿ, ಖಿನ್ನತೆ–ಆತಂಕ ಹೆಚ್ಚಿದ್ದವರ ನೋವು ಶೇಕಡಾ 21ರಷ್ಟು ಇಳಿದರೆ, ಕಡಿಮೆಯಿದ್ದವರದು ಶೇಕಡಾ 39ರಷ್ಟು ಇಳಿಯಿತು. ದುರ್ಬಳಕೆಯ ಪ್ರಮಾಣ ಮೊದಲನೆಯ ಗುಂಪಿನಲ್ಲಿ ಶೇಕಡಾ 39, ಎರಡನೆಯದರಲ್ಲಿ ಶೇಕಡಾ 8. ಯಾರಿಗೆ ಈ ಔಷಧದಿಂದ ಪ್ರಯೋಜನ ಅತಿ ಕಡಿಮೆಯೋ, ಅಪಾಯ ಅತಿ ಹೆಚ್ಚೋ, ಅವರ ಕೈಗೇ ಅದು ಅತಿ ಹೆಚ್ಚು ಸೇರಿತು. ಇದು ಯಾರೋ ಒಬ್ಬರ ದುಷ್ಟತನದಿಂದ ಆದದ್ದಲ್ಲ. ಎದುರಿಗೆ ಕುಳಿತು ಕಣ್ಣೀರು ಹಾಕುವ ರೋಗಿಗೆ ಏನಾದರೂ ಮಾಡಬೇಕೆಂಬ ವೈದ್ಯರ ಕರುಣೆ, ಹದಿನೈದು ನಿಮಿಷದಲ್ಲಿ ಮುಗಿಯಬೇಕಾದ ಭೇಟಿ, ಕೈಗೆ ಸುಲಭವಾಗಿ ಸಿಗುವ ಒಂದೇ ಸಾಧನ, ಇವೆಲ್ಲ ಕೂಡಿ ಹಾಗಾಯಿತು.

ಆದರೆ ಆ ಸಾಧನ ಅಷ್ಟು ಸುಲಭವಾಗಿ ಕೈಗೆ ಸಿಕ್ಕದ್ದರ ಹಿಂದೆ ಬೇರೆಯೇ ಕಥೆಯಿದೆ, ಅಲ್ಲಿ ನಿರ್ದೋಷಿಗಳು ಕಡಿಮೆ. 1980ರಲ್ಲಿ ಒಂದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್ ಅವರ ಐದು ವಾಕ್ಯಗಳ ಒಂದು ಪತ್ರ ಅಚ್ಚಾಯಿತು. ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ ಇಂಥ ಔಷಧ ಪಡೆದ 11,882 ರೋಗಿಗಳಲ್ಲಿ ನಾಲ್ಕು ಮಂದಿಗೆ ಮಾತ್ರ ವ್ಯಸನ ಅಂಟಿದ್ದು ದಾಖಲಾಗಿದೆ ಎಂಬುದಷ್ಟೇ ಅದರ ಸಾರ. ಮನೆಯಲ್ಲಿ ವರ್ಷಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ಹಾಗಿದ್ದರೂ ಮುಂದೆ 600ಕ್ಕೂ ಹೆಚ್ಚು ಲೇಖನಗಳು ಆ ಪತ್ರವನ್ನು ಉಲ್ಲೇಖಿಸಿದವು, ಅವುಗಳಲ್ಲಿ ಬಹುಪಾಲು ‘ನೋವಿರುವವರಿಗೆ ವ್ಯಸನ ಅಂಟುವುದಿಲ್ಲ’ ಎಂಬುದಕ್ಕೆ ಪುರಾವೆಯಾಗಿ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ಅಫೀಮು ಮೂಲದ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಅದೇ ದಶಕದಲ್ಲಿ ನೋವನ್ನು ನಾಡಿ, ಉಸಿರು, ಜ್ವರ, ರಕ್ತದೊತ್ತಡಗಳ ಸಾಲಿನಲ್ಲಿ ‘ಐದನೆಯ ಜೀವಸೂಚಕ’ವೆಂದು ಅಳೆಯಬೇಕೆಂಬ ಚಳವಳಿ ನಡೆಯಿತು. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕೆಯಾಗಿ ಬರೆದುಕೊಂಡರೆ, ಆ ಅಂಕೆಯನ್ನು ಇಳಿಸುವುದೇ ಚಿಕಿತ್ಸೆಯೆನಿಸಿಕೊಳ್ಳುತ್ತದೆ. ಆದರೆ ಆ ‘ಎಂಟು’ ಎಂಬ ಅಂಕೆಯೊಳಗೆ ಬೆನ್ನು ಎಷ್ಟು, ಭಯ ಎಷ್ಟು, ಒಂಟಿತನ ಎಷ್ಟು ಎಂದು ಯಾರೂ ಕೇಳಲಿಲ್ಲ. 2007ರಲ್ಲಿ ಆ ಕಂಪನಿಯ ಸಹಸಂಸ್ಥೆ, ಮಾತ್ರೆಯ ವ್ಯಸನದ ಅಪಾಯವನ್ನು ಮರೆಮಾಚಿ ಮಾರಿದ್ದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು, 60 ಕೋಟಿ ಡಾಲರಿಗೂ ಹೆಚ್ಚು ದಂಡ ಮತ್ತಿತರ ಪಾವತಿಗಳಿಗೆ ಗುರಿಯಾಯಿತು. ಬರೆದುಕೊಟ್ಟ ಚೀಟಿಗಳ ಸಂಖ್ಯೆ ಮಾತ್ರ ಏರುತ್ತಲೇ ಹೋಗಿ 2012ರಲ್ಲಿ 25 ಕೋಟಿ ದಾಟಿತು. ಈ ಮಾತ್ರೆಗಳ ಬೆನ್ನಿಗೆ ಹೆರಾಯಿನ್, ಆಮೇಲೆ ಅದಕ್ಕಿಂತಲೂ ಪ್ರಬಲವಾದ ಫೆಂಟನಿಲ್ ಎಂಬ ಕಳ್ಳಸಾಗಣೆಯ ಕೃತಕ ಮಾದಕವಸ್ತು ಬಂದವು. 2021ರಲ್ಲಿ ಎಲ್ಲ ಬಗೆಯ ಮಾದಕವಸ್ತುಗಳ ಅತಿಸೇವನೆಯಿಂದ ಆ ದೇಶದಲ್ಲಿ ಸತ್ತವರು 1 ಲಕ್ಷ 6 ಸಾವಿರಕ್ಕೂ ಹೆಚ್ಚು.

ನನಗೆ ಹೆಚ್ಚು ದುಃಖ ತರುವುದು, ಬೇರೆಯ ದಾರಿಯೊಂದು ಅದೇ ದೇಶದಲ್ಲಿ ಮೊದಲೇ ಸಿದ್ಧವಾಗಿತ್ತು ಎಂಬ ಸಂಗತಿ. ಜಾನ್ ಬೊನಿಕಾ ಎಂಬ ಅರಿವಳಿಕೆ ತಜ್ಞರು, ವಿದ್ಯಾರ್ಥಿ ದಿನಗಳಲ್ಲಿ ಹೊಟ್ಟೆಪಾಡಿಗೆ ಕುಸ್ತಿಯಾಡಿ ಮೈಯೆಲ್ಲ ನೋವು ಕಟ್ಟಿಕೊಂಡವರು, ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಲವು ಶಾಸ್ತ್ರಗಳ ತಜ್ಞರು ಒಟ್ಟಿಗೆ ಕೂತು ಒಬ್ಬ ರೋಗಿಯನ್ನು ನೋಡುವ ಚಿಕಿತ್ಸಾಲಯ ಕಟ್ಟಿದರು. ಅವರ ಸಹೋದ್ಯೋಗಿ, ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್, ಒಂದು ಸರಳ ಸಂಗತಿಯನ್ನು ಗಮನಿಸಿದರು. ನೋವು ಬಂದಾಗಲೆಲ್ಲ ಮಾತ್ರೆ ಕೊಟ್ಟರೆ, ಉಪಶಮನವೆಂಬ ಬಹುಮಾನಕ್ಕೆ ನೋವೇ ದಾರಿಯಾಗಿಬಿಡುತ್ತದೆ. ಆದ್ದರಿಂದ ಅವರು ಔಷಧವನ್ನು ನೋವಿನ ಅಂದಾಜಿಗೆ ಬಿಡದೆ ಗಡಿಯಾರಕ್ಕೆ ಕಟ್ಟಿದರು. ನಿಗದಿಯಾದ ಹೊತ್ತಿಗೆ ಸಿರಪ್ಪಿನಲ್ಲಿ ಬೆರೆಸಿ ಕೊಡುತ್ತಿದ್ದ ಔಷಧದ ಪ್ರಮಾಣವನ್ನು ವಾರದಿಂದ ವಾರಕ್ಕೆ ಇಳಿಸುತ್ತಿದ್ದರು, ಅದೇ ವೇಳೆಗೆ ನಡಿಗೆ, ಕೆಲಸ, ಸಂಸಾರದ ಜವಾಬ್ದಾರಿಗಳನ್ನು ಒಂದೊಂದಾಗಿ ಮರಳಿಸುತ್ತಿದ್ದರು. ಇಂಥ ಕೇಂದ್ರಗಳಿಗೆ ವಾರಗಟ್ಟಲೆ ಸಮಯ ಬೇಕು, ಹಲವು ಸಂಬಳ ಬೇಕು. ವಿಮಾ ಕಂಪನಿಗಳು ಅದಕ್ಕೆ ಹಣ ಕೊಡುವುದನ್ನು ಕಡಿಮೆ ಮಾಡುತ್ತ ಬಂದವು. ಮಾತ್ರೆಯ ಚೀಟಿಗೆ ಹಣ ಕೊಡುವುದು ಅವಕ್ಕೆ ಅಗ್ಗವಾಗಿ ಕಂಡಿತು.

ಅನಾಹುತ ಕಣ್ಣಿಗೆ ಬಿದ್ದ ಮೇಲೆ ಲೋಲಕ ಇನ್ನೊಂದು ತುದಿಗೆ ಓಡಿತು. 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ಔಷಧಗಳನ್ನು ಬರೆಯುವ ಬಗ್ಗೆ ಎಚ್ಚರಿಕೆಯ ಮಾರ್ಗಸೂಚಿ ಹೊರಡಿಸಿತು. ಅದನ್ನು ಕಾನೂನಿನಂತೆ ಓದಿಕೊಂಡ ಕೆಲವರು, ಹತ್ತಾರು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದವರ ಔಷಧವನ್ನು ಥಟ್ಟನೆ ಕಡಿತಗೊಳಿಸಿದರು. ಎರಡನೆಯ ಕೆಲಸದ ಬಗ್ಗೆ ಆಗಲೂ ಯಾರೂ ಕೇಳಲಿಲ್ಲ. 2019ರಲ್ಲಿ ಆ ದೇಶದ ಔಷಧ ನಿಯಂತ್ರಣ ಸಂಸ್ಥೆ, ಹೀಗೆ ಏಕಾಏಕಿ ನಿಲ್ಲಿಸುವುದರಿಂದ ತೀವ್ರ ಯಾತನೆ ಮತ್ತು ಆತ್ಮಹತ್ಯೆಯ ಅಪಾಯವಿದೆಯೆಂದು ಎಚ್ಚರಿಸಬೇಕಾಯಿತು. 1 ಲಕ್ಷ 13 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ಔಷಧ ತಗ್ಗಿಸಿದ ನಂತರದ ಅವಧಿಯಲ್ಲಿ ಮಾನಸಿಕ ಬಿಕ್ಕಟ್ಟುಗಳು ಇಮ್ಮಡಿಗೂ ಮೀರಿದ್ದುದನ್ನೂ, ಅತಿಸೇವನೆಯ ಪ್ರಕರಣಗಳು ಹೆಚ್ಚಿದ್ದುದನ್ನೂ ಕಂಡುಕೊಂಡಿತು. ಮೊದಲು ಯೋಚಿಸದೆ ಕೊಟ್ಟರು, ಆಮೇಲೆ ಯೋಚಿಸದೆ ಕಸಿದರು. ಎರಡೂ ಸಲ ಮನುಷ್ಯ ಒಬ್ಬನೇ ಉಳಿದ.

ಬೆನ್ನು, ಮಂಡಿ, ಸೊಂಟದ ದೀರ್ಘಕಾಲದ ನೋವಿಗೆ ಈ ಔಷಧಗಳು ನಿಜಕ್ಕೂ ಬೇಕೇ ಎಂಬುದಕ್ಕೆ ಎರಿನ್ ಕ್ರೆಬ್ಸ್ ನೇತೃತ್ವದಲ್ಲಿ 240 ರೋಗಿಗಳ ಮೇಲೆ ಒಂದು ವರ್ಷ ನಡೆದ ಪ್ರಯೋಗ 2018ರಲ್ಲಿ ಉತ್ತರ ಕೊಟ್ಟಿದೆ: ದಿನನಿತ್ಯದ ಚಟುವಟಿಕೆಯ ಮಟ್ಟಿಗೆ ಸಾಮಾನ್ಯ ನೋವಿನ ಮಾತ್ರೆಗಳಿಗಿಂತ ಅವು ಮೇಲಾಗಿರಲಿಲ್ಲ. ಹಾಗಾದರೆ ಎರಡನೆಯ ಕೆಲಸವನ್ನು ಯಾರಿಗೆ ವಹಿಸುವುದು? ಎರಿಕ್ ಗಾರ್ಲೆಂಡ್ ಎಂಬ ಸಂಶೋಧಕರು ಧ್ಯಾನದ ಅಭ್ಯಾಸ, ಆಲೋಚನೆಗಳನ್ನು ಮರುಪರಿಶೀಲಿಸುವ ತರಬೇತಿ ಮತ್ತು ಬದುಕಿನ ಚಿಕ್ಕಪುಟ್ಟ ಸುಖಗಳನ್ನು ಸವಿಯುವ ಅಭ್ಯಾಸ, ಈ ಮೂರನ್ನೂ ಹೆಣೆದು ಎಂಟು ವಾರಗಳ ಗುಂಪು ಚಿಕಿತ್ಸೆಯೊಂದನ್ನು ರೂಪಿಸಿದ್ದಾರೆ. ಔಷಧ ದುರ್ಬಳಕೆಗೆ ಸಿಲುಕಿದ್ದ 250 ನೋವಿನ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂಬತ್ತು ತಿಂಗಳ ಬಳಿಕ ಈ ಗುಂಪಿನ ಶೇಕಡಾ 45 ಮಂದಿ ದುರ್ಬಳಕೆಯಿಂದ ಹೊರಬಂದಿದ್ದರು. ಹೋಲಿಕೆಗೆಂದು ಬರೀ ಸಾಂತ್ವನದ ಮಾತುಕತೆ ನಡೆಸಿದ ಇನ್ನೊಂದು ಗುಂಪಿನಲ್ಲಿ ಆ ಪ್ರಮಾಣ ಶೇಕಡಾ 24 ಮಾತ್ರ. ಸವಿಯುವುದನ್ನು ಕಲಿಸುವುದು ಎಂಬ ಮಾತು ಕೆಲವರಿಗೆ ಹಗುರವೆನಿಸೀತು. ದೀರ್ಘಕಾಲ ಈ ಔಷಧ ಸೇವಿಸಿದವರ ಮಿದುಳಿಗೆ ಬೆಳಗಿನ ಬಿಸಿಲು, ಮೊಮ್ಮಗುವಿನ ನಗು, ಬಿಸಿ ಕಾಫಿಯ ಪರಿಮಳ ಯಾವುದೂ ತಟ್ಟದ ಸ್ಥಿತಿ ಬಂದಿರುತ್ತದೆ. ಆ ಬಾಗಿಲುಗಳನ್ನು ಮತ್ತೆ ತೆರೆಯುವುದು ಹಗುರವಾದ ಕೆಲಸವಲ್ಲ. ವ್ಯಸನ ಗಟ್ಟಿಯಾಗಿ ಬೇರೂರಿದ್ದಲ್ಲಿ ಬರೀ ಮಾತು, ಧ್ಯಾನ ಸಾಲವು ಎಂಬುದನ್ನೂ ಹೇಳಬೇಕು; ಅಂಥವರಿಗೆ ಬ್ಯುಪ್ರೆನಾರ್ಫಿನ್‌ನಂಥ ಔಷಧದ ದೀರ್ಘ ಚಿಕಿತ್ಸೆ ಜೀವ ಉಳಿಸುತ್ತದೆ.

ನಮ್ಮಲ್ಲಿ ಚಿತ್ರ ಬೇರೆ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ ಬಿಗಿಯಿಂದಾಗಿ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿ ಪಡೆದು ಅಫೀಮು ಬೆಳೆಯುವ ಈ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ಮಾರ್ಫಿನ್ ಇಲ್ಲದೆ ನರಳಿದರು. 2014ರ ತಿದ್ದುಪಡಿ ಆ ತೊಡಕುಗಳನ್ನು ಒಂದಿಷ್ಟು ಸಡಿಲಿಸಿತು. ಅದೇ ವೇಳೆಗೆ ಔಷಧದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ಟ್ರಮಡಾಲ್ ಎಂಬ ಇದೇ ಬಗೆಯ ನೋವಿನ ಔಷಧದ ದುರ್ಬಳಕೆ ಹೆಚ್ಚಿ, 2018ರಲ್ಲಿ ಅದನ್ನೂ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಅಫೀಮು ಮೂಲದ ವಸ್ತುಗಳನ್ನು ಬಳಸುವವರು ಸುಮಾರು 2 ಕೋಟಿ 26 ಲಕ್ಷ. ಅವರಲ್ಲಿ ಔಷಧ ರೂಪದಲ್ಲಿ ಬಳಸುವವರ ಪಾಲು ಚಿಕ್ಕದಲ್ಲ. ಕೊರತೆ ಮತ್ತು ದುರ್ಬಳಕೆ ಎರಡೂ ಒಂದೇ ಮನೆಯಲ್ಲಿ ವಾಸಿಸುತ್ತಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವಿದೆ, ಕರುಣಾಶ್ರಯದಲ್ಲಿ ಕೊನೆಯ ದಿನಗಳ ಕ್ಯಾನ್ಸರ್ ರೋಗಿಗಳಿಗೆ ಆರೈಕೆಯಿದೆ. ಆದರೆ ಇವೆರಡರ ನಡುವೆ, ಮಂಡಿ ಹಿಡಿದುಕೊಂಡು, ಸೊಂಟ ಹಿಡಿದುಕೊಂಡು ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ, ಬೊನಿಕಾ ಕಟ್ಟಿದಂಥ ಜಾಗಗಳು ತೀರ ವಿರಳ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಮಹಿಳೆಯೊಬ್ಬರು ಎದ್ದು, ತಮ್ಮ ತಂದೆಗೆ ಕ್ಯಾನ್ಸರ್ ಎಂದೂ, ವೈದ್ಯರು ಮಾರ್ಫಿನ್ ಬರೆದಿದ್ದಾರೆಂದೂ, ಇದನ್ನೆಲ್ಲ ಕೇಳಿದ ಮೇಲೆ ಕೊಡಲು ಭಯವಾಗುತ್ತಿದೆಯೆಂದೂ ಹೇಳಿದರು. ಕೊಡಿ, ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ ಎಂದೆ. ಕ್ಯಾನ್ಸರಿನ ನೋವಿನಲ್ಲಿ ಆ ಔಷಧವನ್ನು ತಡೆಹಿಡಿಯುವುದು ಕ್ರೌರ್ಯವೆಂದೂ, ನನ್ನ ಮಾತು ತಿಂಗಳು ವರ್ಷಗಟ್ಟಲೆ ಎಳೆಯುವ ಬೆನ್ನು, ಮಂಡಿಗಳ ನೋವಿಗೆ ಸಂಬಂಧಿಸಿದ್ದೆಂದೂ ವಿವರಿಸಿದೆ. ಹಗಲೆಲ್ಲ ತಂದೆ ಸಮಾಧಾನವಾಗಿರುತ್ತಾರೆ, ರಾತ್ರಿ ಎರಡು ಗಂಟೆಗೆ ಎದ್ದು ಇನ್ನೊಂದು ಮಾತ್ರೆ ಕೇಳುತ್ತಾರೆ, ಅದೇಕೆ ಎಂದು ಅವರು ಮತ್ತೆ ಕೇಳಿದರು. ರಾತ್ರಿಯ ನೋವು ಔಷಧದ ಪ್ರಮಾಣ ಸಾಲದೆ ಬರುವುದೂ ಉಂಟು, ಆದ್ದರಿಂದ ಮೊದಲು ವೈದ್ಯರಿಗೆ ತಿಳಿಸಿ ಎಂದೆ. ತಂದೆಯ ಕೋಣೆಯಲ್ಲಿ ರಾತ್ರಿ ಯಾರು ಮಲಗುತ್ತಾರೆ ಎಂದೂ ಕೇಳಿದೆ. ಯಾರೂ ಇಲ್ಲ, ಅವರೊಬ್ಬರೇ, ಎಂದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಇವತ್ತಿನಿಂದ ನಾನೇ ಅಲ್ಲಿ ಚಾಪೆ ಹಾಸಿಕೊಳ್ಳುತ್ತೇನೆ ಎಂದು ಹೇಳಿ ಕುಳಿತರು.